ಹೆಸರಿಲ್ಲದ ಕೋಣೆಯಲ್ಲಿ ಯಾರೋ

ಸಂತೋಷ ಹೆಚ್ಚಾದರೆ ಮನುಷ್ಯರು ಸುಮ್ಮನೆ ಕೂರುವುದಿಲ್ಲ, ಏನಾದರೊಂದು ಎಡವಟ್ಟು ಮಾಡಿಕೊಳ್ಳುತ್ತಾರೆ. ಮೊಮ್ಮಗಳು ಹುಟ್ಟಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಆದಿವಾಲದ ನಮ್ಮ ಮನೆಗೆ ಹಾಲಿಗೆ ಬಂದವರನ್ನೂ ತೊಟ್ಟಿಲು ತೋರಿಸದೆ ಕಳಿಸಿಲ್ಲ. ಮೂಗು ನಮ್ಮ ಯಜಮಾನರದೇ. ಅವರು ತೀರಿಕೊಂಡ ಮೇಲೆ ಅವರ ಕಂಬಳಿಯನ್ನು ಮಡಿಸಿ, ದೇವರ ಕೋಣೆಯಲ್ಲಿ ಗದ್ದಿಗೆ ಮಾಡಿಟ್ಟಿದ್ದೇನೆ. ಮಗು ಆಕಳಿಸಿದ್ದನ್ನೂ ಅದರ ಮುಂದೆ ಕೂತು ಒಪ್ಪಿಸುತ್ತೇನೆ.

ಮಗಳು ರೇಖಾ ಬಾಣಂತನಕ್ಕೆ ಬಂದಿದ್ದಾಳೆ. ಅಳಿಯಂದಿರದು ಹೊಸದುರ್ಗದಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಅಲ್ಲಿಂದಲೇ ಮಗುವಿನ ಕೋಣೆಯ ಫ್ಯಾನು, ದೀಪ, ಸೆಕೆ ಎಲ್ಲ ಮೊಬೈಲಿನಲ್ಲಿ ಕಾಣಬೇಕೆಂದು ಒಂದು ಪುಟ್ಟ ಪೆಟ್ಟಿಗೆಯನ್ನೂ ಒಂದಷ್ಟು ಬಿಳಿ ಕಣ್ಣುಗಳನ್ನೂ ತಂದು ಕೂರಿಸಿ ಹೋದರು. ಯಾರಾದರೂ ಅಲುಗಾಡಿದರೆ ಕಣ್ಣು ಪೆಟ್ಟಿಗೆಗೆ ಹೇಳುತ್ತದಂತೆ, ಪೆಟ್ಟಿಗೆ ಮೊಬೈಲಿಗೆ. ಮೊಬೈಲಿನ ಪರದೆಯ ಮೇಲೆ ಏನೇನು ಕಾಣಬೇಕೆಂದು ಯಾರೂ ಕೂತು ಬರೆಯಬೇಕಿಲ್ಲ. ಮನೆಯಲ್ಲಿ ಎಲ್ಲೆಲ್ಲಿ ಕಣ್ಣಿದೆಯೋ ಪೆಟ್ಟಿಗೆಯೇ ಹುಡುಕಿಕೊಂಡು, ಒಂದೊಂದಕ್ಕೂ ಒಂದು ಚೌಕ ಬರೆದುಕೊಳ್ಳುತ್ತದಂತೆ. ಎರಡನೇ ಕ್ಲಾಸು ಬಿಟ್ಟು ಕುರಿ ಹಿಂದೆ ಹೋದವಳಿಗೆ ಇಷ್ಟು ತಿಳಿದದ್ದೇ ಹೆಚ್ಚು.

ಮರುದಿನ ರೇಖಾಳ ಮೊಬೈಲಿನ ಪರದೆಯ ಮೇಲೆ ಯಾರೂ ಹೇಳದ ಚೌಕವೊಂದು ಎದ್ದಿತ್ತು. ರೇಖಾ ಓದಿದಳು: ‘ಹೆಸರಿಲ್ಲದ ಕೋಣೆ. ಯಾರೋ ಇದ್ದಾರೆ.’

ಅಂಥ ಕೋಣೆ ನಮ್ಮ ಮನೆಯಲ್ಲಿಲ್ಲ. ಅಟ್ಟ, ಬಚ್ಚಲು, ಕೊಟ್ಟಿಗೆ ಎಲ್ಲ ನೋಡಿದೆವು. ನಾವು ಹುಡುಕಿ ಸುಸ್ತಾಗುವಷ್ಟರಲ್ಲಿ ಚೌಕ ತಾನಾಗಿ ‘ಯಾರೂ ಇಲ್ಲ’ ಎಂದಿತು. ನಾನು ದೇವರ ಕೋಣೆಗೆ ಹೋಗಿ, ಮಗುವನ್ನು ನೀವೇ ಕಾಯಿರಿ ಎಂದು ಗದ್ದಿಗೆಗೆ ಕೈಮುಗಿದೆ. ಹೊರಗಿನಿಂದ ರೇಖಾಳ ದನಿ ನಡುಗುತ್ತ ಬಂತು: “ಅವ್ವ, ಮತ್ತೆ ಬಂದೈತೆ.”

ದಿನಾ ಇದೇ. ನಾನು ಹೆದರಿ ಕೈಮುಗಿಯಲು ಹೋಗುವುದು, ಅದು ಬರುವುದು. ಹಸಿ ಬಾಣಂತಿಗೆ ಗಾಳಿ ಸೋಕೀತೆಂದು ಪಕ್ಕದ ಮನೆಯವರೂ ಹೇಳಿದರು. ಕೊನೆಗೆ ಅಳಿಯಂದಿರು ಕಾರು ತಂದು ನಿಲ್ಲಿಸಿದರು. “ಬ್ಯಾಸರ ಮಾಡ್ಕಬ್ಯಾಡ್ರಿ ಅತ್ತೆ. ಕೂಸನ್ನ ಕರ್ಕಂಡು ಹೋಗ್ತೀನಿ. ಇಲ್ಲಿ ಏನೋ ಐತೆ.”

ತೊಟ್ಟಿಲಿನ ಹಗ್ಗ ಬಿಚ್ಚುವಾಗ ನನ್ನ ಕರುಳೇ ಬಿಚ್ಚಿದಂತಾಯಿತು. ಅಳಿಯಂದಿರು ಬಿಳಿ ಕಣ್ಣುಗಳನ್ನು ಬಿಚ್ಚಿ ಎಣಿಸುತ್ತ, ಒಂದು ಕಣ್ಣು ಕಡಿಮೆ ಇದೆ, ಅಂಗಡಿಯಲ್ಲೇ ಬಿಟ್ಟೆನೇನೋ ಎಂದು ಗೊಣಗಿದರು.

ಆಗ ನನಗೆ ನೆನಪಾಯಿತು. ಮನೆಗೆ ಏನು ಹೊಸದು ಬಂದರೂ ಮೊದಲ ಪಾಲು ಗದ್ದಿಗೆಗೆ ಸಲ್ಲಬೇಕು; ಜೋಳವಾಗಲಿ, ಉಣ್ಣೆಯಾಗಲಿ. ಕಣ್ಣುಗಳನ್ನು ತಂದ ದಿನ ಅಳಿಯಂದಿರು ಊಟಕ್ಕೆ ಎದ್ದಾಗ ಒಂದು ಕಣ್ಣಿನ ನೆತ್ತಿಗೆ ಕುಂಕುಮವಿಟ್ಟು ಕಂಬಳಿಯ ಮೇಲೆ ಕೂರಿಸಿದ್ದೆ. ಗೋಡೆಗೆ ಅಂಟಿಸಿದರೆ ಮಾತ್ರ ಅದಕ್ಕೆ ಜೀವ ಎಂದುಕೊಂಡಿದ್ದೆ.

ಕರೆದೊಯ್ದು ತೋರಿಸಿದೆ. ಅಳಿಯಂದಿರು ನಕ್ಕು ನಕ್ಕು ಬಾಗಿಲಿಗೆ ಒರಗಿದರು. “ಅಂದ್ರೆ ಇಷ್ಟು ದಿನ ನಮ್ಮನ್ನ ಹೆದರಿಸಿದ ದೆವ್ವ ನೀವೇ ಏನ್ರಿ?” ತೊಟ್ಟಿಲೂ ಕಣ್ಣುಗಳೂ ಮತ್ತೆ ಏರಿದವು. ಮುಡಿಪಿಟ್ಟದ್ದನ್ನು ತೆಗೆಯಬಾರದೆಂದು ಕಣ್ಣನ್ನು ಅಲ್ಲೇ ಬಿಟ್ಟರು. ರೇಖಾ ಚೌಕಕ್ಕೆ ‘ಅಪ್ಪನ ಕೋಣೆ’ ಎಂದು ಹೆಸರಿಟ್ಟಳು.

ನಿನ್ನೆ ಮಧ್ಯಾಹ್ನ ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದೆ. ರೇಖಾ ಪಕ್ಕದಲ್ಲೇ ಇದ್ದಳು. ದೇವರ ಕೋಣೆಗೆ ಹೊರಗಿನಿಂದ ಚಿಲಕ. ಮೊಬೈಲು ಮಿನುಗಿತು: ‘ಅಪ್ಪನ ಕೋಣೆ. ಯಾರೋ ಇದ್ದಾರೆ.’

ರೇಖಾ ನನ್ನ ಮುಖ ನೋಡಿದಳು. “ಬೆಕ್ಕಿರಬೇಕು ಬಿಡೇ” ಎಂದೆ. ಅವಳು ಆ ಕಡೆ ತಿರುಗಿದ ಮೇಲೆ, ಮೂಗು ಚೆನ್ನಾಗಿ ಕಾಣಲೆಂದು ಮಗುವನ್ನು ಮೆಲ್ಲಗೆ ಆ ಬಾಗಿಲ ಕಡೆಗೆ ತಿರುಗಿಸಿದೆ. ಅಳಿಯಂದಿರಿಗೂ ಫೋನಿನಲ್ಲಿ ಬೆಕ್ಕು ಎಂದೇ ಹೇಳಿದ್ದೇನೆ. ಭಾನುವಾರ ಅವರು ಬರುತ್ತಾರೆ. ಅಷ್ಟರೊಳಗೆ ಎಲ್ಲಿಂದಾದರೂ ಒಂದು ಬೆಕ್ಕು ತರಬೇಕು.