ಟೈರಿನ ವಯಸ್ಸು

ಪ್ರೂಫ್ ರೀಡರ ದಿನ ಹಳ್ಳ ಹಿಡಿಯಲು ಕಾರಣವಾದದ್ದು ಎದುರುಮನೆಯ ರೈಟ್ ಮಾಮನ ಕನ್ನಡಕ. ಅದು ಮಾಮನ ಮೂಗಿನಿಂದ ಜಾರಿ, ಪ್ರೂಫ್ ರೀಡರ ಕಾರಿನ ಮುಂದಿನ ಚಕ್ರದ ಪಕ್ಕ ಬಿತ್ತು. ಎತ್ತಿಕೊಳ್ಳಲು ಬಗ್ಗಿದ ಮಾಮ ಕನ್ನಡಕ ಹಾಕಿಕೊಂಡು ಅಲ್ಲೇ ಕೂತುಬಿಟ್ಟರು.

ಮಾಮ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಈಗಲೂ ಯಾರಾದರೂ ಕಾರು ಹಿಂದಕ್ಕೆ ತೆಗೆದರೆ ಕರೆಯದೇ ಓಡಿಬಂದು "ರೈಟ್, ರೈಟ್" ಅನ್ನುತ್ತಾರೆ. ಆ ಬೀದಿಯ ಮೂರು ಕಾರುಗಳ ಹಿಂಬದಿ ದೀಪ ಒಡೆದದ್ದು ಹಾಗೆಯೇ.

"ಬಾರಪ್ಪಾ ಇಲ್ಲಿ. ಈ ಟೈರ್ ಯಾವ ಕಾಲದ್ದು?"

"ಕಾರು ತಗೊಂಡಾಗ ಹೊಸದು ಅಂದಿದ್ರು ಮಾಮ. ಗ್ರಿಪ್ ಚೆನ್ನಾಗೇ ಇದೆಯಲ್ಲ."

"ಗ್ರಿಪ್ ನೋಡಿ ಮೋಸ ಹೋಗ್ಬೇಡ. ಓಡದೇ ನಿಂತ್ರೂ ರಬ್ಬರಿಗೆ ವಯಸ್ಸಾಗುತ್ತೆ. ಇಲ್ಲಿ ಮೊಟ್ಟೆ ಥರ ಗೆರೆ ಇದೆಯಲ್ಲ, ಅದರೊಳಗಿನ ನಾಲ್ಕು ಅಂಕಿ ಓದು."

"1124."

"ಅದೇ ಟೈರ್ ತಯಾರಾದ ತಾರೀಕು. ಹನ್ನೊಂದನೇ ಇಸವಿ, ಇಪ್ಪತ್ನಾಲ್ಕನೇ ವಾರ. ಇದು ಟೈರಲ್ಲಪ್ಪ, ಹಪ್ಪಳ."

ಪ್ರೂಫ್ ರೀಡರು ನಾಲ್ಕೂ ಚಕ್ರದ ಮುಂದೆ ಮಂಡಿಯೂರಿ ಓದಿದರು. ನಾಲ್ಕರಲ್ಲೂ 1124.

ಪ್ರೆಸ್ ಮುಚ್ಚಿ ಎಂಟು ತಿಂಗಳಾಗಿತ್ತು. ಇಪ್ಪತ್ತೆರಡು ವರ್ಷ ಕಾಗುಣಿತ ತಿದ್ದಿದವರನ್ನು ಆಮೇಲೆ ಯಾರೂ ಯಾವ ಕೆಲಸಕ್ಕೂ ಕರೆದಿರಲಿಲ್ಲ. ಕೊನೆಗೆ ಶಿಶುವಿಹಾರವೊಂದು ಐದು ಪುಟ್ಟ ಮಕ್ಕಳನ್ನು ದಿನಾ ಸ್ವಂತ ಕಾರಿನಲ್ಲಿ ಕರೆತಂದು ಬಿಡುವ ಕೆಲಸ ಕೊಡಲು ಒಪ್ಪಿತ್ತು. ಆ ದಿನ ಹನ್ನೊಂದು ಗಂಟೆಗೆ ಕಾರಿನ ತಪಾಸಣೆ. ಅದೂ ಕೈತಪ್ಪಿದರೆ ಮುಂದೇನು ಎಂದು ಯೋಚಿಸುವ ಧೈರ್ಯವೂ ಅವರಿಗಿರಲಿಲ್ಲ.

"ಫೋನ್ ಮಾಡಿ ಇದ್ದದ್ದನ್ನ ಇದ್ದ ಹಾಗೆ ಹೇಳಿ. ಒಂದು ವಾರ ಟೈಮ್ ಕೇಳಿ," ಎಂದರು ಹೆಂಡತಿ, ಬಾಗಿಲಿನಿಂದಲೇ.

"ಒಂದು ವಾರದಲ್ಲಿ ಬೇರೆ ಯಾರಾದ್ರೂ ಬಂದು ಸೇರ್ಕೊಂಡ್ಬಿಡ್ತಾರೆ ಕಣೇ."

"ಫೋನೂ ಬೇಡ, ಗೀನೂ ಬೇಡ," ಎಂದರು ಮಾಮ. "ಈ ನಂಬರ್ ಟೈರಿನ ಒಂದೇ ಮಗ್ಗುಲಲ್ಲಿ ಇರೋದು. ಬಿಚ್ಚಿಸಿ ತಿರುಗಿಸಿ ಹಾಕ್ಸು, ಒಳಗಡೆ ಹೋಗುತ್ತೆ. ಯಾರು ಕಾರಿನ ಕೆಳಗೆ ಮಲಗಿ ನೋಡ್ತಾರೆ?"

ಹೆಂಡತಿ ಒಳಗೆ ಹೋದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಪ್ರೂಫ್ ರೀಡರು ಹೊರಟರು. ಪಕ್ಕದ ಸೀಟಿನಲ್ಲಿ ಮಾಮ ಆಗಲೇ ಕೂತಾಗಿತ್ತು.

ಪಂಕ್ಚರ್ ಅಂಗಡಿಯವನು ಮೊದಲ ಟೈರ್ ಬಿಚ್ಚಿ ನೋಡಿದ. "ತಿರುಗಿಸೋದು ಯಾಕೆ ಸಾರ್? ಈ ಟೈರು..."

"ನಂಬರ್ ನೋಡ್ಬೇಡ, ಕೆಲಸ ನೋಡು," ಎಂದರು ಮಾಮ.

ಎರಡನೆಯದು ಬಿಚ್ಚುವಾಗ ಅವನು ಮತ್ತೆ ಬಾಯಿ ತೆರೆದ. "ಅಲ್ಲ ಸಾರ್, ನಾನು ಹೇಳೋದೇನಂದ್ರೆ..."

"ದಯವಿಟ್ಟು ಏನೂ ಹೇಳ್ಬೇಡಪ್ಪ," ಎಂದು ಪ್ರೂಫ್ ರೀಡರು ಕೈಮುಗಿದರು. ಅವನು ಮತ್ತೆ ಕೆಲಸಕ್ಕೆ ಬಗ್ಗಿದ.

ಮೂರನೆಯ ಚಕ್ರವನ್ನು ಮಾಮ ತಾವೇ ಹಿಡಿದುಕೊಂಡರು. ಅಷ್ಟರಲ್ಲಿ ರಸ್ತೆಯಲ್ಲಿ ಯಾರದೋ ಲಾರಿ ಹಿಂದಕ್ಕೆ ಬಂತು. ಹಳೇ ಚಾಳಿ ಬಿಡುವುದುಂಟೇ? ಮಾಮ ಎರಡೂ ಕೈ ಎತ್ತಿ "ರೈಟ್, ರೈಟ್" ಎಂದರು. ಚಕ್ರ ಇಳಿಜಾರಿನಲ್ಲಿ ಉರುಳುತ್ತಾ ಹೋಗಿ ಕ್ಷೌರದ ಅಂಗಡಿಗೆ ನುಗ್ಗಿತು. ಅರ್ಧ ಗಡ್ಡ ಹೋಗಿದ್ದ ಗಿರಾಕಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಪ್ರೂಫ್ ರೀಡರು ಅವನ ಕ್ಷಮೆ ಕೇಳಿ, ಚಕ್ರವನ್ನು ಮಗುವಿನಂತೆ ತಬ್ಬಿಕೊಂಡು ಏರು ಹತ್ತಿದರು. ಬಿಳಿ ಅಂಗಿಯ ಮೇಲೆ ಟೈರಿನ ಗ್ರಿಪ್ಪು ಒಂದು ಗೆರೆಯೂ ತಪ್ಪದೆ ಅಚ್ಚಾಗಿತ್ತು. ಬದಲಾಯಿಸಲು ಹೊತ್ತಿರಲಿಲ್ಲ. ನಾಲ್ಕನೆಯ ಚಕ್ರವೂ ತಿರುಗಿ ಕೂತ ಕೂಡಲೇ, ಮಾಮನನ್ನು ಅಲ್ಲೇ ಬಿಟ್ಟು ಅವರು ಶಿಶುವಿಹಾರಕ್ಕೆ ಧಾವಿಸಿದರು.

ಶಿಶುವಿಹಾರದ ಮೇಡಂ ಪ್ರೂಫ್ ರೀಡರ ಅಂಗಿಯನ್ನು ಒಮ್ಮೆ ನೋಡಿ ಕಾರಿನ ಕಡೆ ತಿರುಗಿದರು. ಬಾಗಿಲು ತೆರೆದು, ಎಷ್ಟು ಗಾಳಿ ಇರಬೇಕು ಎಂದು ಅಲ್ಲಿ ಅಂಟಿಸಿದ್ದ ಚೀಟಿ ಓದಿ, ನಾಲ್ಕೂ ಟೈರಿನ ಗಾಳಿ ಅಳೆದರು. ಗ್ರಿಪ್ಪಿನ ಆಳ ಅಳೆದರು. ಎಲ್ಲಕ್ಕೂ ತಲೆಯಾಡಿಸಿದರು. ಪ್ರೂಫ್ ರೀಡರು ಬೆಳಗಿನಿಂದ ಮೊದಲ ಬಾರಿ ಸರಿಯಾಗಿ ಉಸಿರುಬಿಟ್ಟರು.

"ತಾರೀಕಿನ ನಂಬರ್ ಎಲ್ಲಿ?"

"ಅದು... ಒಳಗಡೆ ಇರ್ಬಹುದು ಮೇಡಂ."

"ನಾಲ್ಕರದ್ದೂ?"

ಉತ್ತರಕ್ಕೆ ಕಾಯದೆ ಮೇಡಂ ಹಳೇ ಪತ್ರಿಕೆ ಹಾಸಿದರು, ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿಯೇಬಿಟ್ಟರು. ಅವರ ದನಿ ಅಡಿಯಿಂದ ಬಂತು. "ಒಂದು, ಒಂದು, ಎರಡು, ನಾಲ್ಕು."

ಪ್ರೂಫ್ ರೀಡರ ಧೈರ್ಯ ಉಡುಗಿತು. ಹೊರಗೆ ಕಾಣುತ್ತಿದ್ದ ಎರಡು ಚಪ್ಪಲಿಗಳ ಮುಂದೆ ಕುಸಿದು ಕೂತು ಎಲ್ಲವನ್ನೂ ಒಪ್ಪಿಕೊಂಡರು. "ಗೊತ್ತು ಮೇಡಂ, ಹನ್ನೊಂದನೇ ಇಸವಿ ಟೈರು. ಬೆಳಿಗ್ಗೆಯಷ್ಟೇ ಗೊತ್ತಾಯ್ತು. ನಿಮ್ಗೆ ಕಾಣ್ಬಾರ್ದು ಅಂತ ತಿರುಗಿಸಿ ಹಾಕಿಸ್ದೆ. ಈ ಕೆಲಸ ಬಿಟ್ರೆ ನಂಗೆ ಬೇರೆ ದಾರಿ ಇಲ್ಲ."

ಮೇಡಂ ಹೊರಬಂದು ಮಣ್ಣು ಕೊಡವಿಕೊಂಡರು. "ಯಾರ್ರೀ ನಿಮಗೆ ಹೇಳಿದ್ದು? ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ಇಸವಿ. ಇದು ಇಪ್ಪತ್ನಾಲ್ಕನೇ ಇಸವಿಯ ಹನ್ನೊಂದನೇ ವಾರದ ಟೈರು. ಇದಕ್ಕೇನೂ ವಯಸ್ಸಾಗಿಲ್ಲ."

ಇಪ್ಪತ್ತೆರಡು ವರ್ಷ ಹಿಂದುಮುಂದಾದ ಅಂಕಿಗಳನ್ನು ಹಿಡಿದು ತಿದ್ದಿದ್ದ ಮನುಷ್ಯ ಮೇಡಂ ಮುಖವನ್ನೇ ನೋಡಿದರು. ನಾಚಿಕೆಯಾಯಿತು, ಆದರೆ ಹೋದ ಜೀವವೂ ಮರಳಿ ಬಂತು.

"ಹಾಗಾದ್ರೆ ಪಾಸಾ ಮೇಡಂ?"

"ಟೈರ್ ಪಾಸ್. ನೀವಲ್ಲ," ಎಂದರು ಮೇಡಂ, ಟಾರ್ಚ್ ಆರಿಸುತ್ತಾ. "ಟೈರ್ ಹಳೇದು ಅಂತ ನಂಬ್ಕೊಂಡೇ ನಮ್ಮ ಮಕ್ಕಳನ್ನ ಕೂರಿಸ್ಕೊಳ್ಳೋಕೆ ಬಂದ್ರಿ."

ಒಳಗೆ ಐದು ಮಕ್ಕಳು ಕಿಟಕಿಗೆ ಮೂಗು ಒತ್ತಿ ಪ್ರೂಫ್ ರೀಡರ ಅಂಗಿ ನೋಡಿ ನಗುತ್ತಿದ್ದವು.

ಮನೆ ಮುಂದೆ ಮಾಮ ಕಾಯುತ್ತಿದ್ದರು. "ಏನಾಯ್ತಪ್ಪಾ?"

"ಟೈರ್ ಪಾಸಾಯ್ತು ಮಾಮ." ಪ್ರೂಫ್ ರೀಡರು ಅಷ್ಟೇ ಹೇಳಿದರು. ಕಾರಿನೊಳಗೇ ಕೂತು ಸ್ಟೀರಿಂಗಿಗೆ ಹಣೆ ಒರಗಿಸಿದರು.

"ನೋಡಿದ್ಯಾ? ತಿರುಗಿಸಿ ಹಾಕ್ಸು ಅಂತ ನಾನು ಹೇಳ್ಲಿಲ್ವಾ?" ಮಾಮ ಕನ್ನಡಕ ಒರೆಸಿಕೊಂಡು ಖುಷಿಯಿಂದ ಪಕ್ಕದ ಡಾಕ್ಟರ ಮನೆಯತ್ತ ನಡೆದರು.

ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವರ ದನಿ ಕೇಳಿಸಿತು. "ಡಾಕ್ಟ್ರೇ, ಸ್ವಲ್ಪ ಹೊರಗೆ ಬನ್ನಿ. ಈ ಟೈರ್ ಯಾವ ಕಾಲದ್ದು?"