ಪಿತೃಸ್ಥಾನದಲ್ಲಿ ಮಾಧವ

ಮಾಧವನ ಆ ದಿನದ ಫಜೀತಿಗೆಲ್ಲ ಮೂಲ ಒಂದು ಹಿಡಿ ಸಜ್ಜಿಗೆ. ಅದನ್ನು ಕೊಟ್ಟವರು ಎದುರುಮನೆಯ ಸರೋಜಮ್ಮ. ಅಗ್ರಹಾರದ ಆ ಬೀದಿಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದು ಆ ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ಮಾಧವನ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಮ್ಯಾನೇಜರ್ ಶ್ರೀವತ್ಸ ಅವನನ್ನು ಕೋಣೆಗೆ ಕರೆದು, ಕಾಫಿ ತರಿಸಿಕೊಟ್ಟು, "ನೀವು ನಮ್ಮ ಫ್ಯಾಮಿಲಿ ಇದ್ದ ಹಾಗೆ ಮಾಧವ. ಆದ್ರೆ ಇನ್ಮೇಲೆ ನಿಮ್ಮ ಕೆಲಸಾನ ಸಾಫ್ಟ್‌ವೇರೇ ಮಾಡ್ಕೊಳ್ಳುತ್ತೆ" ಎಂದಿದ್ದ. ಮನೆಯವರನ್ನು ಕಾಫಿ ಕುಡಿಸಿ ಬೀದಿಗೆ ಬಿಡುವ ಸಂಪ್ರದಾಯ ಯಾವ ವಂಶದ್ದೋ ಮಾಧವನಿಗೆ ತಿಳಿಯಲಿಲ್ಲ. ಅವನು ಕಾಫಿಯನ್ನು ಪೂರ್ತಿ ಕುಡಿದೇ ಎದ್ದಿದ್ದ.

ಅಂದಿನಿಂದ ಹೆಂಡತಿ ಚೂಡಾಮಣಿ ಸೀರೆ ಅಂಗಡಿಯಿಂದ ಗಂಟು ತಂದು ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ದಾರ ಎಳೆದೂ ಎಳೆದೂ ಅವಳ ಬೆರಳ ತುದಿಗಳು ಒಡೆದಿದ್ದವು. ಮಗಳು ಲಹರಿ ಕಾಲೇಜು ಮುಗಿಸಿ ಬಂದು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮಾಧವ ಇನ್ಶೂರೆನ್ಸ್ ಮಾರಲು ಹೋಗಿ ತಾನೇ ಒಂದು ಪಾಲಿಸಿ ಮಾಡಿಸಿಕೊಂಡು ಬಂದ. ಬೀದಿಯವರಿಗೆ ಮಾತ್ರ "ಈಗ ಮನೆಯಿಂದಲೇ ಕೆಲಸ" ಎಂದು ಹೇಳಿಕೊಂಡಿದ್ದ.

ಕೊನೆಗೆ ಪುರೋಹಿತ ವೆಂಕಟಸುಬ್ಬಯ್ಯನವರು ಅವನಲ್ಲೊಂದು ಅರ್ಹತೆ ಪತ್ತೆಹಚ್ಚಿದರು. "ನಿನಗೆ ಊಟ ಚೆನ್ನಾಗಿ ಸೇರುತ್ತೆ, ಮಾತು ಕಮ್ಮಿ. ಬ್ರಾಹ್ಮಣಾರ್ಥಕ್ಕೆ ಇನ್ನೇನು ಬೇಕೋ?"

ಬ್ರಾಹ್ಮಣಾರ್ಥವೆಂದರೆ ತಿಥಿಯ ಮನೆಯಲ್ಲಿ ತೀರಿಕೊಂಡವರ ಸ್ಥಾನದಲ್ಲಿ ಕುಳಿತು ಉಣ್ಣುವುದು. ತಿಥಿ ಮಾಡುವವನು ಕಾಲು ತೊಳೆಯುತ್ತಾನೆ, ಉಪಚಾರ ಮಾಡುತ್ತಾನೆ, ಕಡೆಯಲ್ಲಿ "ತೃಪ್ತಿಯಾಯಿತೇ?" ಎಂದು ಕೇಳುತ್ತಾನೆ. "ಆಯಿತು" ಎನ್ನುವ ತನಕ ಕರ್ಮ ಮುಂದೆ ಸಾಗುವಂತಿಲ್ಲ. ಎಲೆಯ ಮುಂದೆ ಕೂರುವ ತನಕ ಉಣ್ಣುವವನೂ ಬಾಯಿಗೆ ಏನನ್ನೂ ಹಾಕುವಂತಿಲ್ಲ. ನಾಲ್ಕು ತಿಂಗಳಿಂದ ಯಾರೂ ಕೂರು ಎನ್ನದ ಮಾಧವನಿಗೆ ಇದು ಭಾರಿ ಹುದ್ದೆಯಾಗಿಯೇ ಕಂಡಿತು.

ಬೆಳಗ್ಗೆ ಕಚ್ಚೆ ಪಂಚೆ ಉಟ್ಟು, ಶಲ್ಯ ಹೊದ್ದು ಬಾಗಿಲು ದಾಟಿದ್ದೇ ತಡ, ಎದುರಿಗೆ ಸರೋಜಮ್ಮ.

"ಏನೋ ಮಾಧವ, ಪಂಚೆ ಉಟ್ಕೊಂಡು ಎಲ್ಲಿಗೆ?"

"ಆಫೀಸಿಗೆ ಬರಕ್ಕೆ ಹೇಳಿದ್ದಾರೆ ಸರೋಜಮ್ಮ. ಇವತ್ತು ಎಲ್ಲರೂ ಸಾಂಪ್ರದಾಯಿಕ ಉಡುಗೇಲಿ ಬರಬೇಕಂತೆ."

"ಪರವಾಗಿಲ್ಲ, ಕಂಪನಿಯವರಿಗೂ ಬುದ್ಧಿ ಬಂತು. ತಗೋ, ನಿನ್ನೆ ಸತ್ಯನಾರಾಯಣ ಪೂಜೆ ಆಯ್ತಲ್ಲ, ಪ್ರಸಾದ. ಇಲ್ಲೇ ಬಾಯಿಗೆ ಹಾಕ್ಕೋ."

ತಿಂದರೆ ಕೆಲಸ ಹೋಗುತ್ತದೆ, ಬೇಡವೆಂದರೆ ಸತ್ಯನಾರಾಯಣನ ಜೊತೆಗೆ ಸರೋಜಮ್ಮನೂ ಮುನಿಯುತ್ತಾರೆ. ಮಾಧವ ಅತ್ತ ತಿರುಗಿ ಕಣ್ಣಿಗೊತ್ತಿಕೊಂಡು, ಎಲೆಯ ಸಮೇತ ಸಜ್ಜಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬರೀ ಬಾಯಿಯನ್ನು ಜಗಿಯುತ್ತ ಪುರೋಹಿತರ ಸ್ಕೂಟರ್ ಹತ್ತಿದ.

ಮನೆ ಕುವೆಂಪುನಗರದಲ್ಲಿತ್ತು. ತಾಮ್ರದ ಚೊಂಬು ಹಿಡಿದು ಹೊರಬಂದ ಯಜಮಾನನನ್ನು ನೋಡಿ ಮಾಧವ ಮೆಟ್ಟಿಲಲ್ಲೇ ನಿಂತುಬಿಟ್ಟ. ಒದ್ದೆ ಪಂಚೆಯಲ್ಲಿ ನಡುಗುತ್ತ ನಿಂತಿದ್ದವನು ಸಾಕ್ಷಾತ್ ಶ್ರೀವತ್ಸ. ಅವನೂ ಚೊಂಬು ಹಿಡಿದು ಹಾಗೇ ನಿಂತ.

"ಹೀಗ್ಯಾಕೆ ನಿಂತಿರಿ?" ಎಂದರು ವೆಂಕಟಸುಬ್ಬಯ್ಯ. "ಈ ಹೊತ್ತು ಇವರೇ ನಿಮ್ಮ ತಂದೆ. ಕಾಲು ತೊಳೀರಿ."

ಶ್ರೀವತ್ಸ ಬಗ್ಗಿದ. ಮಾಧವ ಪಾದ ಮುಂದಿಟ್ಟ. ಅಂಥ ಆನಂದ ಅವನಿಗೆ ಯಾವ ಬಡ್ತಿಯಲ್ಲೂ ಸಿಕ್ಕಿರಲಿಲ್ಲ. ಆನಂದಕ್ಕೆ ಹೊಟ್ಟೆ ಒಂದಿಷ್ಟು ಉಬ್ಬಿತೋ ಏನೋ, ಸೊಂಟದ ಪೊಟ್ಟಣ ಜಾರಿ ಶ್ರೀವತ್ಸನ ಮುಂದೆಯೇ ಬಿದ್ದು ತೆರೆದುಕೊಂಡಿತು. ತುಪ್ಪದ ಘಮ ಎದ್ದಿತು.

ಎಲ್ಲರೂ ಸಜ್ಜಿಗೆಯನ್ನೇ ನೋಡಿದರು. ವೆಂಕಟಸುಬ್ಬಯ್ಯನವರು ಮಾತ್ರ ರೆಪ್ಪೆ ಮಿಟುಕಿಸದೆ, "ಪಿತೃಗಳು ಮಗನ ಮನೆಗೆ ಬರಿಗೈಲಿ ಬರಲ್ಲ" ಎಂದುಬಿಟ್ಟರು.

ಶ್ರೀವತ್ಸನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿಮ್ಮಪ್ಪನಿಗೆ ಸಜ್ಜಿಗೆ ಅಂದ್ರೆ ಪ್ರಾಣ ಕಣೋ. ಅವರೇ ಬಂದಿದ್ದಾರೆ."

ಅಲ್ಲಿಂದ ಮಾಧವನ ವರ್ಚಸ್ಸೇ ಬೇರೆಯಾಯಿತು. ತಿಥಿಗೆ ಪಿತೃಸ್ಥಾನದಲ್ಲೊಬ್ಬರು, ದೇವರ ಸ್ಥಾನದಲ್ಲೊಬ್ಬರು ಕೂರಬೇಕು. ದೇವರ ಸ್ಥಾನದವರಿಗೆ ಜ್ವರ ಬಂದಿದ್ದರಿಂದ, ಪುರೋಹಿತರು ಅವರ ಮಣೆಯ ಮೇಲೆ ದರ್ಭೆಯ ಕೂರ್ಚವೊಂದನ್ನು ಗಂಟು ಹಾಕಿ ಇಟ್ಟರು. "ಮನುಷ್ಯ ಸಿಗದಾಗ ಇದೂ ನಡೆಯುತ್ತೆ" ಎಂದರು. ಶ್ರೀವತ್ಸ ಆ ಹುಲ್ಲನ್ನು ಬಹಳ ಹೊತ್ತು ಆಸಕ್ತಿಯಿಂದ ನೋಡಿದ. ಮಾಧವ ಗಮನಿಸಲಿಲ್ಲ, ಅವನ ಗಮನ ವಡೆಯ ಮೇಲಿತ್ತು.

ವಡೆ, ಅತಿರಸ, ಪಾಯಸ, ಹಾಗಲಕಾಯಿ ಎಲ್ಲವೂ ಮೌನವಾಗಿ ಒಳಗಿಳಿದವು. ಕೊನೆಗೆ ಶ್ರೀವತ್ಸ ಕೈಮುಗಿದು ನೆಲ ನೋಡುತ್ತ ಕೇಳಿದ, "ತೃಪ್ತಿಯಾಯಿತೇ?"

ಮಾಧವ ಬಾಯಿ ತೆರೆದ. ಚೂಡಾಮಣಿಯ ಬೆರಳುಗಳು ನೆನಪಾದವು.

"ಇಲ್ಲ."

ವೆಂಕಟಸುಬ್ಬಯ್ಯನವರಿಗೆ ಮಂತ್ರ ತಪ್ಪಿತು. "ಏನು ಬೇಕೋ ಕೇಳಿ ಹಾಕಿಸ್ಕೋ. ವಡೆನಾ?"

"ಕೆಲಸ."

ಹೊಟ್ಟೆ ಬಿರಿಯುವಷ್ಟು ಉಂಡು ಹೀಗೆನ್ನಲು ಅವನಿಗೇ ನಾಚಿಕೆಯಾಯಿತು. ಆದರೆ ಇಂಥ ಆಸನ ಇನ್ನೊಮ್ಮೆ ಸಿಗುವುದಿಲ್ಲವೆಂದು ಗಟ್ಟಿಯಾಗಿ ಕುಳಿತ. ಹಿಂದಿನಿಂದ ತಾಯಿ ಗದ್ಗದಿತರಾಗಿ, "ನಿಮ್ಮಪ್ಪ ಬಾಯಿಬಿಟ್ಟು ಕೇಳ್ತಿದ್ದಾರಲ್ಲೋ. ಕೊಟ್ಟುಬಿಡೋ" ಎಂದರು.

ಶ್ರೀವತ್ಸ ತಾಯಿಯನ್ನು ನೋಡಿದ, ಪುರೋಹಿತರನ್ನು ನೋಡಿದ. "ಆಯ್ತು ಮಾಧವ. ಸೋಮವಾರದಿಂದ ನೀವೂ ನಾನೂ ಒಂದೇ ಕಡೆ ಕೆಲಸ ಮಾಡೋಣ. ಸಾಕಾ?"

"ತೃಪ್ತಿಯಾಯಿತು" ಎಂದ ಮಾಧವ, ಮನೆಯ ಗೋಡೆಗಳಿಗೂ ಕೇಳುವಂತೆ.

ಒಳಗೆ ಪಿಂಡಪ್ರದಾನ ನಡೆಯುತ್ತಿದ್ದಾಗ ಅವನು ವರಾಂಡಕ್ಕೆ ಬಂದು ಹೆಂಡತಿಗೆ ಫೋನು ಮಾಡಿ ಸುದ್ದಿ ಹೇಳಿದ. ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ ಮಾಡಿದಳು. "ರೀ, ಸೀರೆ ಗಂಟನ್ನ ಸರೋಜಮ್ಮನಿಗೆ ಕೊಟ್ಟುಬಿಟ್ಟೆ. ಪಾಪ, ಎಷ್ಟು ದಿನದಿಂದ ಕೇಳ್ತಿದ್ರು. ಇನ್ಮೇಲೆ ಅವರೇ ಕಟ್ತಾರೆ ಅಂತ ಅಂಗಡಿಗೂ ಹೇಳಿಬಿಟ್ಟೆ." ಅವಳು ನಗುವುದನ್ನು ಕೇಳಿ ಎಷ್ಟೋ ದಿನವಾಗಿತ್ತು.

ಕರ್ಮ ಮುಗಿಸಿ ಶ್ರೀವತ್ಸ ಪುರೋಹಿತರ ಜೊತೆ ಹೊರಬಂದ.

"ಯಾವ ಡಿಪಾರ್ಟ್‌ಮೆಂಟು ಸಾರ್?"

"ಮೆತ್ತಗೆ ಮಾತಾಡಿ, ಅಮ್ಮನಿಗೆ ಗೊತ್ತಿಲ್ಲ. ಹೋದ ತಿಂಗಳು ಕಂಪನಿ ನನ್ನನ್ನೂ ಕಳಿಸಿಬಿಡ್ತು. ನಾನೂ ಇವರ ಜೊತೆ ಬ್ರಾಹ್ಮಣಾರ್ಥಕ್ಕೆ ಸೇರಿದ್ದೀನಿ. ಸೋಮವಾರ ಸರಸ್ವತೀಪುರಂನಲ್ಲಿ ತಿಥಿ."

ಮಾಧವ ಕಂಬ ಹಿಡಿದುಕೊಂಡ. ಹೇಗೂ ಇಬ್ಬರು ಕೂರಬೇಕಲ್ಲ, ತನ್ನ ಎಲೆ ತನಗಿದೆ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ಲೋಟ ನೋಡಿದ ಕೂಡಲೇ ಅವನಿಗೆ ಮ್ಯಾನೇಜರ್ ಕೋಣೆ ನೆನಪಾಯಿತು.

"ನೀವು ನಮ್ಮ ಫ್ಯಾಮಿಲಿ ಇದ್ದ ಹಾಗೆ ಮಾಧವ" ಎಂದು ಶ್ರೀವತ್ಸ ಅವನ ಹೆಗಲ ಮೇಲೆ ಕೈಯಿಟ್ಟ. "ಒಟ್ಟಿಗೇ ಮಾಡೋಣ ಅಂತಲೇ ಇದ್ದೆ. ಆದ್ರೆ ಈಗ ಇವರ ಹತ್ರ ಕೂತು ಲೆಕ್ಕಾಚಾರ ಮಾಡಿದ್ವಿ. ಒಂದು ತಿಥಿಗೆ ಇಬ್ಬರು ಯಾಕೆ? ಪಿತೃಸ್ಥಾನಕ್ಕೆ ನಾನು ಕೂತ್ಕೋತೀನಿ. ನಿಮ್ಮ ಕೆಲಸಾನ ದರ್ಭೆಯೇ ಮಾಡ್ಕೊಳ್ಳುತ್ತೆ."

ಮಾಧವ ಪುರೋಹಿತರ ಮುಖ ನೋಡಿದ. ಅವರು ಸ್ಕೂಟರಿನ ಸೀಟು ಒರೆಸುತ್ತ, "ದರ್ಭೆ ಯಾವತ್ತೂ ತೃಪ್ತಿ ಆಗಲಿಲ್ಲ ಅನ್ನಲ್ಲ ಕಣಪ್ಪ" ಎಂದರು.

ಈ ಸಲವೂ ಅವನು ಕಾಫಿಯನ್ನು ಪೂರ್ತಿ ಕುಡಿದೇ ಹೊರಟ.

ಬೀದಿಗೆ ಬಂದಾಗ ಸರೋಜಮ್ಮ ಜಗಲಿಯ ಮೇಲೆ ಚೂಡಾಮಣಿಯ ಸೀರೆಗಳನ್ನು ತೊಡೆಯ ಮೇಲೆ ಹರಡಿಕೊಂಡು ಕುಚ್ಚು ಕಟ್ಟುತ್ತಿದ್ದರು.

"ನಿನ್ನ ಕೆಲಸ ಹೋಗಿದ್ದು ನನಗೆ ಮೊದಲ ದಿನವೇ ಗೊತ್ತಿತ್ತು ಕಣೋ. ನಿನಗೆ ಬೇಜಾರಾಗುತ್ತೆ ಅಂತ ಬೀದಿಯವರಿಗೆ ಮಾತ್ರ ಹೇಳಿದ್ದೆ" ಎಂದರು. "ನೋಡು, ಬೆಳಗ್ಗೆ ಪ್ರಸಾದ ತಿಂದೆ, ಮಧ್ಯಾಹ್ನಕ್ಕೆ ಕೆಲಸ ಸಿಕ್ತು. ಇನ್ನೂ ಒಂಚೂರು ಇದೆ, ಕೊಡ್ಲಾ?"

ಮಾಧವ ಎದುರುಬಾಗಿಲಲ್ಲಿ ನಗುತ್ತ ನಿಂತಿದ್ದ ಹೆಂಡತಿಯನ್ನೊಮ್ಮೆ ನೋಡಿ, ಎರಡೂ ಕೈ ಚಾಚಿದ.