ಮಹದೇವಪ್ಪನ ಕಾಲು ಮತ್ತು ಗೇಟಿನ ಕುರ್ಚಿ

ಬಿಬವೇವಾಡಿಯ ಆ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿಗೆ ಕ್ಯಾಮೆರಾ ಬಂದ ದಿನದಿಂದಲೇ ವಾಚ್‌ಮನ್ ಮಹದೇವಪ್ಪನ ಕಾಲಿಗೆ ಗ್ರಹಚಾರ ಅಂಟಿಕೊಂಡಿತು. ಅಷ್ಟೂ ಮನೆಯವರು ಮೊಬೈಲಿನಲ್ಲೇ ಗೇಟು ಕಾಯುವವರು. ಅವನು ನೀರು ಕುಡಿಯಲು ಎದ್ದರೂ ಸಾಕು, ವಾಟ್ಸಾಪ್ ಗ್ರೂಪಿನಲ್ಲಿ ಖಾಲಿ ಕುರ್ಚಿಯ ಫೋಟೋ: ‘ಪಗಾರ ಕುರ್ಚಿಗೆ ಕೊಡ್ತೀವೇನು?’ ಗ್ರೂಪಿನಲ್ಲಿ ಅವನೂ ಇದ್ದ, ಬೈಸಿಕೊಳ್ಳುವುದಕ್ಕೆ. ಹೀಗೆ ದಿನವಿಡೀ ಕೂತು ಕೂತು ಅವನ ಮೊಣಕಾಲ ಕೆಳಗಿನ ಚರ್ಮ ಹಳೇ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಇದು ಕಾಲೇನ್ರಿ?" ಎಂದಳು ಹೆಂಡತಿ ಚಂದಮ್ಮ, ಬೆಳಿಗ್ಗೆ ಅವನ ಬೂಟಿನೊಳಗೆ ಬಾತ ಪಾದ ತುರುಕುತ್ತ. "ರಕ್ತ ಕೆಳಗ ನಿಂತುಬಿಟ್ಟದ, ತಾಸಿಗೊಮ್ಮೆ ಅಡ್ಡಾಡು, ಇಲ್ಲಾಂದ್ರ ಹುಣ್ಣಾಗ್ತದ ಅಂತ ಡಾಕ್ಟರ್ ಹೇಳ್ಯಾರಿಲ್ಲೋ? ಇವತ್ತ ಸೆಕ್ರೆಟರಿ ಸಾಹೇಬ್ರಿಗೆ ಕಾಲು ತೋರಿಸಿ ಕೇಳೇಬಿಡ್ರಿ."

"ಸಂಜಿಗೆ ಕೇಳ್ತೀನಿ."

ಗೇಟಿಗೆ ಬಂದ ಮಹದೇವಪ್ಪನಿಂದ ಇದನ್ನು ಕೇಳಿ, ಪಕ್ಕದಲ್ಲಿ ಇಸ್ತ್ರಿ ಮಾಡುವ ಧರ್ಮಣ್ಣ ನಕ್ಕ. "ಸಂಜೀತನಕ ಯಾಕ ಸಾಯ್ತಿ? ಕ್ಯಾಮೆರಾಕ್ಕ ಬೇಕಾಗಿದ್ದು ಟೊಪಗಿ, ಅಂಗಿ. ಒಳಗ ನೀನ ಇರಬೇಕಂತ ಯಾರು ಹೇಳ್ಯಾರ?"

ಹಳೇ ಯೂನಿಫಾರ್ಮಿನೊಳಗೆ ಇಸ್ತ್ರಿಯ ಬಟ್ಟೆಗಳನ್ನು ತುಂಬಿದರು. ತಲೆಗೊಂದು ಬಟ್ಟೆಗಂಟು, ಮೂಗಿನವರೆಗೆ ಟೊಪ್ಪಿಗೆ, ಕಾಲಿಗೆ ಅವನದೇ ಬೂಟು. ಧರ್ಮಣ್ಣ ಕ್ಯಾಮೆರಾದ ಎದುರು ಬೆಡ್‌ಶೀಟ್ ಝಾಡಿಸಿದ. ಶೀಟು ಕೆಳಗಿಳಿಯುವಷ್ಟರಲ್ಲಿ ಕುರ್ಚಿಯಲ್ಲಿ ಬೊಂಬೆ ಕೂತಿತ್ತು.

ಕಟ್ಟಡದ ಹಿಂದೆ, ನೀರಿನ ಟಾಕಿಯ ಸುತ್ತ ಮಹದೇವಪ್ಪ ಹೊಸ ಮದುಮಗನಂತೆ ಓಡಾಡಿದ. ಕಾಲಿನೊಳಗೆ ಇರುವೆ ಸಾಲು ಹೊರಟಂತೆ ರಕ್ತ ಹರಿಯಿತು.

ಮೊದಲು ಕೊರಿಯರಿನವನು ಬಂದು ಬೊಂಬೆಯ ತೊಡೆಯ ಮೇಲೆ ಪಾರ್ಸೆಲ್ ಇಟ್ಟುಹೋದ. ಆಮೇಲೆ ಎರಡನೇ ಮಹಡಿಯ ಇಂದೂಬಾಯಿ, ಕಿವಿಗೆ ಫೋನು ಹಿಡಿದುಕೊಂಡೇ, "ಮಾದೇವಪ್ಪ, ಕೆಲಸದಾಕಿ ಬಂದ್ರ ಲಗೂನ ಮ್ಯಾಲೆ ಕಳಸು, ತಿಳೀತಿಲ್ಲೋ?" ಎಂದು ಬೊಂಬೆಗೆ ಹೇಳಿ, ಉತ್ತರಕ್ಕೆ ಕಾಯದೆ ನಡೆದರು. ಅವನ ಉತ್ತರಕ್ಕೆ ಅವರು ಎಂದೂ ಕಾದವರಲ್ಲ.

ಮಧ್ಯಾಹ್ನ ಸೆಕ್ರೆಟರಿ ಅವಧೂತ ದೇಸಾಯರ ಕಾರೇ ಬಂತು! ಧರ್ಮಣ್ಣ ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿಬಂದು ಗೇಟು ತೆರೆದ. ಇತ್ತ ಯಾರದೋ ಅಂಗಿಯ ಬೆನ್ನು ಸುಟ್ಟು ಹೊಗೆಯೆದ್ದಿತು. ದೇಸಾಯರು ನಾಲ್ಕು ಬೆರಳಷ್ಟು ಗಾಜು ಇಳಿಸಿ, ಮೊಬೈಲಿನಿಂದ ಕಣ್ಣೆತ್ತದೆ, ಕಸದ ಡಬ್ಬಿ, ಬೀದಿನಾಯಿ, ಮೋಟರು ಎಂದು ಬೊಂಬೆಯನ್ನು ಮನಸಾರೆ ಬೈದರು. ಅದು ಉಸಿರೆತ್ತಲಿಲ್ಲ.

"ಅಂತೂ ಎದುರು ಮಾತಾಡೋದು ಬಿಟ್ಟಿ. ಚಲೋ ಆತು," ಎಂದು ಒಳಗೆ ಹೋದರು.

ಸಂಜೆ ಮತ್ತೊಮ್ಮೆ ಬೆಡ್‌ಶೀಟ್ ಝಾಡಿಸಿ ಬೊಂಬೆಯನ್ನು ಎಬ್ಬಿಸಿದ್ದಾಯಿತು. ಮಹದೇವಪ್ಪ ದೇಸಾಯರ ಮನೆಗೆ ಹೋಗಿ ಪ್ಯಾಂಟು ಮೇಲೆತ್ತಿದ.

"ಸಾಹೇಬ್ರ, ತಾಸಿಗೊಮ್ಮೆ ಒಂದ್ ಸುತ್ತು ಹಾಕ್ಲಿಕ್ಕೆ ಬಿಡ್ರಿ. ಇಲ್ಲಾಂದ್ರ ಕಾಲು ಹೋಗ್ತದ."

ದೇಸಾಯರು ಕಾಲನ್ನು ನೋಡಿ ಲೊಚಗುಟ್ಟಿದರು. ಆಮೇಲೆ ಮೊಬೈಲು ಅವನ ಮೂಗಿಗೆ ಹಿಡಿದರು. ಅದರಲ್ಲಿ ಕ್ಯಾಮೆರಾ ಹಿಡಿದಿಟ್ಟ ಇಡೀ ದಿನ ಸರಸರನೆ ಓಡಿತು. ಬಿಸಿಲು ಸರಿಯಿತು, ನೆರಳು ಸರಿಯಿತು, ಬೆಕ್ಕೊಂದು ಬೂಟಿನ ಮೇಲೆ ನಿದ್ದೆ ಮಾಡಿ ಎದ್ದು ಹೋಯಿತು. ಕುರ್ಚಿಯಲ್ಲಿದ್ದವನು ಮಾತ್ರ ಮಿಸುಕಲಿಲ್ಲ.

"ಕಾಲು ನೋಯೋ ಮನಷ್ಯಾ ಹಿಂಗ ಕೂಡತಾನೇನೋ? ಒಂದು ಸಲಾನಾದ್ರೂ ಕಾಲು ಸರಿಸೀಯೇನು? ಯಾರಿಗೆ ನಾಟಕ ತೋರಸ್ತಿ?"

ಕುರ್ಚಿಯಲ್ಲಿದ್ದವನು ನಾನಲ್ಲ ಎಂದರೆ ನೌಕರಿ ಹೋಗುತ್ತದೆ. ನಾನೇ ಎಂದರೆ ಕಾಲು. ಮಹದೇವಪ್ಪ ಮೇಲೆತ್ತಿದ್ದ ಪ್ಯಾಂಟು ಕೆಳಗಿಳಿಸಿದ.

"ಹೆದರಬ್ಯಾಡ," ದೇಸಾಯರು ಬೆನ್ನು ತಟ್ಟಿದರು. "ಇವತ್ತ ಎಲ್ಲಾರೂ ನಿನ್ನ ಮ್ಯಾಲೆ ಭಾಳ ಖುಷಿ ಆಗ್ಯಾರ. ಇಷ್ಟು ಆರಾಮ ಕೂಡಾಂವ ಅಂದಮ್ಯಾಲೆ, ಇವತ್ತಿನಿಂದ ಇನ್ನೂ ಎರಡು ತಾಸು ಹೆಚ್ಚಿಗಿ ಕೂಡು."

ಅವನು ಕೆಳಗಿಳಿದು ಬಂದು ಕುರ್ಚಿಯಲ್ಲಿ ಕೂತ. ಕಾಲು ಸಿಡಿಯತೊಡಗಿತು. ತಡೆಯಲಾರದೆ ಒಂದರ ಮೇಲೊಂದು ಹಾಕಿದ. ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಇಂದೂಬಾಯಿ ಅವನ ಫೋಟೋ ಹಾಕಿ ಬರೆದಿದ್ದರು:

‘ಮಾದೇವಪ್ಪ ಮತ್ತ ಅಲಗಾಡ್ಲಿಕ್ಕೆ ಶುರು ಮಾಡ್ಯಾನ. ಹಗಲೆಲ್ಲಾ ಎಷ್ಟು ಚಲೋ ಕೂತಿದ್ದ!’